ಪರದೇಶದ ಮಕ್ಕಳು, ಊರಿನ ಮನೆ

ಬಂಟ್ವಾಳದಿಂದ ಬೆಳ್ತಂಗಡಿಯ ಕಡೆಗೆ ಹೊರಟು, ಗುರುವಾಯನಕೆರೆ, ವೇಣೂರುಗಳ ದಾರಿಯಾಗಿ ಮೂಡುಬಿದಿರೆಗೆ ಹೋಗುವವರು ಅಡಕೆ ತೋಟಗಳ ನಡುವೆ ಎರಡು ಬಗೆಯ ಹಳೆಯ ಮನೆಗಳನ್ನು ಕಾಣುತ್ತಾರೆ. ಒಂದು, ಮಾಡಿನ ಮೇಲೆ ಹುಲ್ಲು ಬೆಳೆದು ಬೀಗ ಬಿದ್ದ ಮನೆ. ಇನ್ನೊಂದು, ಮುಂಬಯಿ, ದುಬೈ, ಮಸ್ಕತ್ತುಗಳಲ್ಲಿರುವ ಮಕ್ಕಳು ಹಣ ಕೂಡಿಸಿ ಜೀರ್ಣೋದ್ಧಾರ ಮಾಡಿಸಿದ ಮನೆ. ಈ ಎರಡನೆಯ ಬಗೆಯ ಮನೆಗಳಲ್ಲಿಯೂ ಹಲವಕ್ಕೆ ವರ್ಷದ ಬಹುಭಾಗ ಬೀಗವೇ ಗತಿ. ಹಣ ಸುರಿದ ಮೇಲೂ ಹೀಗಾಗುವುದೇಕೆಂಬುದನ್ನು ವಾಚಕರು ನನ್ನೊಡನೆ ಸ್ವಲ್ಪ ವಿಚಾರಿಸಬೇಕು.

ತುಳುನಾಡಿನ ಗುತ್ತು, ತರವಾಡು ಮನೆಗಳು ಒಬ್ಬನ ಸೊತ್ತಾಗಿರಲಿಲ್ಲ. ಅಳಿಯಸಂತಾನದ ಕುಟುಂಬಗಳಲ್ಲಿ ತಾಯಿಯ ಕಡೆಯಿಂದ ಬಂದವರೆಲ್ಲರಿಗೂ ಅಲ್ಲಿ ಹಕ್ಕಿತ್ತು, ಯಜಮಾನನು ನೋಡಿಕೊಳ್ಳುತ್ತಿದ್ದನು. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದು ಉಳುವವನೇ ಒಡೆಯನಾದನು. ಅದು ನ್ಯಾಯವೇ ಸರಿ. ಆದರೆ ದೊಡ್ಡ ಮನೆಯ ಮಾಡನ್ನು ವರ್ಷ ವರ್ಷವೂ ದುರಸ್ತು ಮಾಡಿಸುತ್ತಿದ್ದ ಗೇಣಿಯ ಅಕ್ಕಿ ಅಲ್ಲಿಗೆ ನಿಂತಿತು. ಗೇಣಿಯ ಜಾಗಕ್ಕೆ ಬಂದದ್ದು ದೂರದೂರಿನ ಸಂಬಳ. ಆದರೆ ಆ ಸಂಬಳವನ್ನು ದುಡಿಯುವವನು ಮನೆಯಲ್ಲಿರುವಂತಿಲ್ಲ.

ಮನುಷ್ಯರಿಲ್ಲದ ಮನೆ ಬೇಗ ಹಾಳಾಗುವುದಕ್ಕೆ ಕಾರಣವುಂಟು. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಜಾಗಕ್ಕೆ ಹಂಚು ಬಂದಿತು. ಒಂದು ಹಂಚು ಜಾರಿದರೆ ನೀರು ರೀಪಿಗೆ, ರೀಪಿನಿಂದ ಪಕ್ಕಾಸಿಗೆ, ಅಲ್ಲಿಂದ ಗೋಡೆಯ ತಲೆಗೆ ಇಳಿಯುತ್ತದೆ. ನೆನೆದ ಮರಕ್ಕೆ ಗೆದ್ದಲು ಏರುತ್ತದೆ. ಮನೆಯಲ್ಲಿ ಜನರಿದ್ದರೆ ಆ ರಾತ್ರಿಯೇ ತೊಟ್ಟಿಕ್ಕುವ ಸದ್ದು ಕೇಳಿ, ಬೆಳಗಾದ ಮೇಲೆ ಹಂಚು ಸರಿಮಾಡುತ್ತಾರೆ. ಒಲೆಯ ಹೊಗೆಯೂ ಅಟ್ಟದ ಮರವನ್ನು ಒಣಗಿಸಿ ಹುಳುವನ್ನು ದೂರವಿಡುತ್ತಿತ್ತು.

ಊರಿಗೆ ಬರುವವರಾದರೋ ನೇಮಕ್ಕೆ, ಮದುವೆಗೆಂದು ಜನವರಿಯಿಂದ ಮೇ ತಿಂಗಳೊಳಗೆ ಬರುತ್ತಾರೆ. ಆಗ ಅಂಗಳ ಒಣಗಿರುತ್ತದೆ, ಚಾವಡಿಯ ಕಂಬ ಹೊಳೆಯುತ್ತದೆ. ಪತ್ತನಾಜೆ ಕಳೆದು ಅವರು ಹೊರಟ ಮೇಲೆ ಮಳೆ ಬರುತ್ತದೆ. ಮನೆಯ ಮಕ್ಕಳು ಮನೆಯ ಕಷ್ಟಕಾಲವನ್ನು ಕಂಡೇ ಇರುವುದಿಲ್ಲ. ಆದುದರಿಂದಲೇ ಕಾಣುವುದಕ್ಕೆ ಹಣ ವೆಚ್ಚವಾಗುತ್ತದೆ, ಕಾಯುವುದಕ್ಕೆ ಆಗುವುದಿಲ್ಲ. ಮಣ್ಣು, ಸುಣ್ಣದ ಗಾರೆಯ ಹಳೆಯ ಮುರಕಲ್ಲಿನ ಗೋಡೆಗೆ ಸಿಮೆಂಟು ಬಳಿದರೆ ನೋಟಕ್ಕೆ ಚೆಂದ. ಆದರೆ ಒಳಗಿನ ತೇವ ಹೊರಬರಲಾರದೆ ಕಲ್ಲನ್ನೇ ತಿನ್ನುತ್ತದೆ. ಸುಣ್ಣಕ್ಕೆ ಸುಣ್ಣವೇ ಮದ್ದು.

ಹಾಗಾದರೆ ಮಾಡಬೇಕಾದುದೇನು? ಮೊದಲು ಕವರಿನ ಎಲ್ಲರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಖರ್ಚು ಮಾಡಿದವನಿಗೂ ಮಾಡದವನಿಗೂ ಮುಂದೆ ಮಾತು ಮುರಿಯಬಾರದು. ಬಣ್ಣಕ್ಕಿಂತ ಮೊದಲು ಮಾಡನ್ನು ಸರಿಪಡಿಸಿರಿ. ಒಂದು ಭಾಗವನ್ನಾದರೂ ಯಾರಾದರೂ ಸಂಸಾರ ಮಾಡಿಕೊಂಡಿರಲು ಬಿಟ್ಟುಕೊಡಿರಿ. ಅಲ್ಲಿ ವೃದ್ಧೆಯಾದ ತಾಯಿಯೊಬ್ಬಳೇ ಇದ್ದರೆ, ಹತ್ತು ಕೋಣೆಗಳ ಕಾವಲನ್ನು ಆಕೆಯ ತಲೆಗೆ ಕಟ್ಟುವುದು ಜೀರ್ಣೋದ್ಧಾರವೆನಿಸದು. ಆಕೆಗೆ ಬೇಕಾದುದು ರಾತ್ರಿ ಕರೆದರೆ ಓಗೊಡುವ ಜನ.

ಕೊಲ್ಲಿ ನಾಡಿನಲ್ಲಿ ಶಾಲೆಗಳ ಬೇಸಗೆ ರಜೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ನಮ್ಮಲ್ಲಿ ಅದೇ ಆಟಿಯ ಕಾಲ. ಒಂದು ವರ್ಷ ಮಕ್ಕಳನ್ನು ಆಗಲೇ ಕರೆತನ್ನಿ. ಸೋರುವಲ್ಲಿ ಅವರೇ ಪಾತ್ರೆ ಇಡಲಿ, ಅಜ್ಜಿಯೊಡನೆ ತುಳುವಿನಲ್ಲಿ ನಾಲ್ಕು ಮಾತನಾಡಲಿ. ಯಾವ ಹಂಚು ಸೋರುತ್ತದೆಂದು ಬಲ್ಲವರಿಗೆ ಆ ಮನೆಯನ್ನು ಬಿಟ್ಟುಹಾಕಲು ಮನಸ್ಸು ಬರುವುದು ಕಷ್ಟ.