ಗಾಡಿ ನಿಂತಲ್ಲಿ ಹೋಟೆಲು

ಮದ್ದೂರು ತಾಲ್ಲೂಕಿನ ಆತಗೂರನ್ನು ಇತಿಹಾಸದ ಮೇಷ್ಟ್ರುಗಳು ಬಲ್ಲದ್ದು ಒಂದು ನಾಯಿಯ ದೆಸೆಯಿಂದ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರ ಎಂಬ ವೀರ, ಗಂಗರ ದೊರೆ ಬೂತುಗನಿಂದ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಂದಿಗೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕ್ರಿ.ಶ. 949–50ರಲ್ಲಿ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿಗೆ ಪೂಜೆ ಮಾಡದೆ ಅದರ ಪೂಜಾರಿಯಾದ ಗೊರವ ಉಂಡರೆ ನಾಯಿಯ ಪಾಪ ಅವನಿಗೆ ಎಂದು ಶಾಸನ ಎಚ್ಚರಿಸುತ್ತದೆ. ಉಣ್ಣುವುದಕ್ಕೂ ಷರತ್ತು ಹಾಕಿದ ಊರು!

ಈಗಿನ ಷರತ್ತು ಸುಲಭ: ಹೊತ್ತಿಗೆ ಸರಿಯಾಗಿ ಹೋಗಬೇಕು. ಈ ಕಡೆಯ ಹಳ್ಳಿ ಹೋಟೆಲಿಗೆ ಬೋರ್ಡು ಇರಲೇಬೇಕೆಂದಿಲ್ಲ. ಶೀಟು ಹೊದಿಸಿದ ಮಾಡು, ಎರಡು ಬೆಂಚು, ಹೊಗೆ ಹಿಡಿದ ಗೋಡೆ ಇದ್ದರೆ ಸಾಕು. ಡೈರಿಗೆ ಹಾಲು ಹಾಕಿದವರು ಖಾಲಿ ಕ್ಯಾನು ಪಕ್ಕಕ್ಕಿಟ್ಟು ಬೈಟು ಟೀ ಹೇಳುವ ಹೊತ್ತಿಗೆ ಇಡ್ಲಿಯ ಮೊದಲ ಒಬ್ಬೆ ಇಳಿದಿರುತ್ತದೆ. ಅದು ಮುಗಿದರೆ ಚಿತ್ರಾನ್ನ, ಅದೂ ಮುಗಿದರೆ ಸಂಜೆಯ ಬೋಂಡಕ್ಕೆ ಕಾಯಬೇಕು. ಮನೆಯಲ್ಲಿ ಇಡ್ಲಿ ಬೇಯುತ್ತಿದ್ದದ್ದು ಹಬ್ಬಕ್ಕೋ ನೆಂಟರು ಬಂದಾಗಲೋ. ಹಾಗಾಗಿ ರಾಗಿಯುಂಬ ಈ ಸೀಮೆಗೆ ಹೋಟೆಲು ಎಂದರೆ ಇಡ್ಲಿಯೇ ಆಗಿತ್ತು. ಈಗ ಉಲ್ಟಾ. ಪೇಟೆಯವರು ಕಾರು ಮಾಡಿಕೊಂಡು ಮುದ್ದೆ ಹುಡುಕಿ ಬರುತ್ತಾರೆ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಊರವರನ್ನು ಕೂರಿಸಿ ಉಣ್ಣಿಸುವ ಈ ಕೆಲಸವನ್ನು ಪಬ್ಬು ಮತ್ತು ಟೀ ರೂಮು ಮಾಡುತ್ತವೆ. ಪಬ್ಬಿನಲ್ಲಿ ಭಾನುವಾರ ಮಧ್ಯಾಹ್ನ ಅಜ್ಜಿಯಿಂದ ಮೊಮ್ಮಗುವಿನವರೆಗೆ ಮನೆಮಂದಿಯೆಲ್ಲ ಕೂತು ಹುರಿದ ಮಾಂಸ ತಿನ್ನುತ್ತಾರೆ; ಪಕ್ಕದ ಮೇಜಿನಲ್ಲೇ ಬಿಯರೂ ನಡೆಯುತ್ತದೆ. ನಮ್ಮಲ್ಲಿ ಹಾಗಲ್ಲ. ಟೀಗೆ ಒಂದು ಮನೆ, ಬಾಡೂಟಕ್ಕೆ ಇನ್ನೊಂದು, ಕುಡಿತಕ್ಕೆ ಮತ್ತೊಂದು. 2007ರ ಜುಲೈನಲ್ಲಿ ಸಾರಾಯಿ ಅಂಗಡಿಗಳು ಮುಚ್ಚಿದ ಮೇಲೂ ಈ ಪಾಲು ಬದಲಾಗಲಿಲ್ಲ. ಬಾರಿಗೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವವರಿಲ್ಲ. ಹಳ್ಳಿಯ ಟೀ ಅಂಗಡಿಯ ಬೆಂಚೂ ಬಹುಮಟ್ಟಿಗೆ ಗಂಡಸರದ್ದೇ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಮುಚ್ಚಿಡಬಾರದ್ದು ಇನ್ನೊಂದಿದೆ. ಇಂಗ್ಲಿಷರ ಹಳೆಯ ಪಬ್ಬುಗಳಲ್ಲಿ ಕೂಲಿಯವರಿಗೆ ಪಬ್ಲಿಕ್ ಬಾರ್, ಉಳ್ಳವರಿಗೆ ಸಲೂನ್ ಬಾರ್ ಎಂದು ಗೋಡೆ ಇತ್ತು. ನಮ್ಮ ಹಳ್ಳಿ ಹೋಟೆಲುಗಳಲ್ಲಿ ಗೋಡೆಯ ಕೆಲಸವನ್ನು ಲೋಟವೇ ಮಾಡುತ್ತಿತ್ತು. ದಲಿತರಿಗೆ ಬೇರೆ ಲೋಟ, ಅದೂ ಹೊರಗೆ, ಕುಡಿದವರೇ ತೊಳೆದಿಡಬೇಕು. ಹೋಟೆಲಿನ ಬಾಗಿಲಲ್ಲಿ ಜಾತಿ ಕೇಳಕೂಡದೆಂದು ಸಂವಿಧಾನದ 15ನೇ ವಿಧಿ 1950ರಿಂದಲೇ ಹೇಳುತ್ತಿದೆ. ಅದು ಬೆಂಚಿನವರೆಗೆ ಬರಲು ತಲೆಮಾರುಗಳೇ ಬೇಕಾದವು.

ಬಾಡೂಟದ ಮನೆಯೇ ಮಿಲ್ಟ್ರಿ ಹೋಟೆಲು. ಮುದ್ದೆ, ನಾಟಿ ಕೋಳಿ ಸಾರು, ಬೋಟಿ ಗೊಜ್ಜು, ತಲೆಮಾಂಸ, ಕೈಮ ಉಂಡೆ, ಕಾಲು ಸೂಪು. ಮಳವಳ್ಳಿಯಿಂದ ಆಚೆಗಿರುವ ಬನ್ನೂರಿನ ಹೆಸರಿನ ಕುರಿಗೆ ಮಂಡ್ಯ ತಳಿ ಎಂದೂ ಹೆಸರು. ಗಿಡ್ಡ ಕಾಲು, ಗುಂಡು ಮೈ. ಬಾಡಿನ ರುಚಿ ಬಲ್ಲವರು ಆ ಕುರಿಯೇ ಬೇಕೆಂದು ಕೇಳುತ್ತಾರೆ. ಮುದ್ದೆಯನ್ನು ಅಗಿಯುವಂತಿಲ್ಲ. ಮುರಿದು, ಸಾರಿಗೆ ಅದ್ದಿ, ನುಂಗಬೇಕು. ಹೊಸಬರು ಅಗಿಯಲು ಹೋಗಿ ಹಲ್ಲಿಗೆ ಅಂಟಿಸಿಕೊಂಡು ಪೇಚಾಡುವುದನ್ನು ನೋಡಿಯೂ ನೋಡದಂತಿರುವುದು ಬಡಿಸುವವರ ದೊಡ್ಡತನ. ಇನ್ನೂ ಒಂದು ಮುದ್ದೆ ಎಂದಾಗ ಬೇಡ ಎನ್ನಲು ಕೈಯನ್ನು ಎಲೆಗೆ ಅಡ್ಡ ಹಿಡಿಯಬೇಕು, ಬಾಯಿಮಾತು ನಡೆಯುವುದಿಲ್ಲ.

ಇವೆಲ್ಲ ಊರವರನ್ನು ನಂಬಿದ ಹೋಟೆಲುಗಳು. ದಾರಿಹೋಕರನ್ನು ನಂಬಿ ಹುಟ್ಟಿದ್ದು ಮದ್ದೂರು ವಡೆ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬುವರು, ರೈಲು ಹೊತ್ತಿಗೆ ಮುಂಚೆ ಬಂದಾಗ ಪಕೋಡದ ಹಿಟ್ಟನ್ನೇ ಗಡಿಬಿಡಿಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು ಎಂಬುದು ಎಲ್ಲರ ಬಾಯಲ್ಲಿರುವ ಕಥೆ. ತಿಂಡಿಗಳ ಹುಟ್ಟಿನ ಕಥೆಗಳನ್ನು ಸ್ವಲ್ಪ ಉಪ್ಪು ಖಾರ ಕಳೆದೇ ಕೇಳಬೇಕು. ಇಂಗ್ಲೆಂಡಿನ ಪಬ್ಬುಗಳಲ್ಲಿ ನೇಗಿಲಯೋಗಿಯ ಊಟವೆಂದು ಮಾರುವ ಬ್ರೆಡ್ಡು–ಚೀಸಿನ ತಟ್ಟೆಗೆ ಆ ಹೆಸರು ಹಬ್ಬಿದ್ದು 1950–60ರ ದಶಕಗಳಲ್ಲಿ, ಚೀಸು ಮಾರುವವರ ಪ್ರಚಾರದಿಂದ. ಆದರೆ ಮದ್ದೂರು ವಡೆಯ ಹದವೇ ಅದು ರೈಲಿನ ಕೂಸೆಂದು ಹೇಳುತ್ತದೆ. ಉದ್ದಿನ ವಡೆಯಂತೆ ನೆನೆಸಿ ರುಬ್ಬಬೇಕಿಲ್ಲ. ರವೆ, ಮೈದಾ, ಅಕ್ಕಿಹಿಟ್ಟಿಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹಾಕಿ, ಕಾದ ಎಣ್ಣೆ ಸುರಿದು ಗಟ್ಟಿಯಾಗಿ ಕಲಸಿ, ತೆಳ್ಳಗೆ ತಟ್ಟಿ, ಸಣ್ಣ ಉರಿಯಲ್ಲಿ ಕರಿದರಾಯಿತು. ಚಟ್ನಿ ಇಲ್ಲದಿದ್ದರೂ ನಡೆಯುತ್ತದೆ, ಕಾಗದದಲ್ಲಿ ಸುತ್ತಿದರೆ ಊರು ಮುಟ್ಟುವವರೆಗೂ ಕೆಡುವುದಿಲ್ಲ.

ಇಂಗ್ಲೆಂಡಿನಲ್ಲಿ 1840ರ ದಶಕದಲ್ಲಿ ರೈಲು ಹಬ್ಬಿ ಕುದುರೆ ಸಾರೋಟುಗಳು ನಿಂತಾಗ, ಅವುಗಳ ಪ್ರಯಾಣಿಕರನ್ನೇ ನಂಬಿದ್ದ ದಾರಿಬದಿಯ ತಂಗುಮನೆಗಳು ಬರಿದಾದವು. ಮದ್ದೂರಿಗೆ ಆ ಸರದಿ 2023ರಲ್ಲಿ ಬಂತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯನ್ನು ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದ್ದು ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಅಲ್ಲಿಂದಾಚೆಗೆ ಮದ್ದೂರಿನ ಬೈಪಾಸ್ ಮೇಲೆ ಹಾದುಹೋಗುವವರಿಗೆ ಕೆಳಗಿನ ಹಳೆ ರಸ್ತೆಯ ವಡೆ ಅಂಗಡಿಗಳು ಕಾಣುವುದೂ ಇಲ್ಲ. ಆ ಅಂಗಡಿಗಳ ವ್ಯಾಪಾರ ಕುಸಿಯಿತು.

ಆತಗೂರಿನ ಕಡೆಯ ಬೆಂಚುಗಳಿಗೆ ಆ ಹೊಡೆತ ಮುಟ್ಟಲಿಲ್ಲ. ಅವುಗಳ ದಿನನಿತ್ಯದ ಗಿರಾಕಿ ನಡೆದು ಬರುವವನು, ಹೆಚ್ಚೆಂದರೆ ಮೊಪೆಡ್ಡಿನವನು. ಕಬ್ಬು ಕಡಿಯುವ ಕಾಲದಲ್ಲಿ ಕೆ.ಎಂ. ದೊಡ್ಡಿಯ ಸಕ್ಕರೆ ಕಾರ್ಖಾನೆಯ ಮುಂದೆ ಗಾಡಿ, ಟ್ರ್ಯಾಕ್ಟರು ಸಾಲುಗಟ್ಟಿದರೆ ಅಲ್ಲಿ ರಾತ್ರಿಯೂ ಟೀ ಕುದಿಯುತ್ತದೆ. ಈ ಕಡೆ ಬಾಡೂಟಕ್ಕೆ ಹೋಗುವವರು ಮದ್ದೂರಿನ ಸರ್ವಿಸ್ ರಸ್ತೆಗೆ ಇಳಿಯಬೇಕು, ಊರೊಳಗೆ ಬಂದು ಮಳವಳ್ಳಿ ಕಡೆಗೆ ತಿರುಗಬೇಕು. ಸೋಮವಾರ, ಶನಿವಾರ ಬೇಡ, ಅಂದು ಬಾಡು ತಿನ್ನದವರೇ ಹೆಚ್ಚು. ಭಾನುವಾರವಾದರೆ ಹನ್ನೆರಡಕ್ಕೇ ಕೂತುಬಿಡಿ. ಎರಡು ಗಂಟೆಗೆ ಹೋದರೆ ಮುದ್ದೆ ಸಿಕ್ಕೀತು, ತಲೆಮಾಂಸ ಸಿಗಲಿಕ್ಕಿಲ್ಲ.