ಸಿಗರೇಟು, ವೇಪ್ ಮತ್ತು ಮಕ್ಕಳ ‘ಟೆನ್ಷನ್’

ಪಿಯುಸಿ ಓದುವ ಹುಡುಗರನ್ನು ಸಿಗರೇಟು ಯಾಕಪ್ಪಾ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, “ಟೆನ್ಷನ್ ಕಡಿಮೆ ಆಗುತ್ತೆ ಅಂಕಲ್.” ಅವರು ಸುಳ್ಳು ಹೇಳುತ್ತಿಲ್ಲ. ಸೇದಿದ ಕೂಡಲೇ ಮನಸ್ಸು ಹಗುರಾದಂತೆ ಅನಿಸುವುದು ನಿಜ. ಆದರೆ ಆ ಟೆನ್ಷನ್ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು.

ಹೊಗೆಯಲ್ಲಿರುವ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ತಲುಪುತ್ತದೆ. ಅಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಹಿತವೆನಿಸುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ. ಅಭ್ಯಾಸವಾದವರಿಗೆ ಆಗ ಸಿಡುಕು, ಚಡಪಡಿಕೆ ಶುರುವಾಗುತ್ತದೆ, ಓದಿನ ಮೇಲೆ ಗಮನ ನಿಲ್ಲುವುದಿಲ್ಲ. ಇನ್ನೊಂದು ಸೇದಿದರೆ ಸಮಾಧಾನ. ಅಂದರೆ ಈ ಸಿಗರೇಟು ಕಳೆಯುವುದು ಬಹುಪಾಲು ಹಿಂದಿನ ಸಿಗರೇಟು ತಂದಿಟ್ಟ ಚಡಪಡಿಕೆಯನ್ನೇ. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ಬಡ್ಡಿ ಕಟ್ಟಲು ಮತ್ತೆ ಸಾಲ ಮಾಡಿದ ಹಾಗೆ. ಅಸಲು ಹಾಗೇ ಇರುತ್ತದೆ, ಪರೀಕ್ಷೆಯ ಭಯವೂ ಹಾಗೇ ಇರುತ್ತದೆ.

ಮಿದುಳು ಸುಮಾರು 25 ವರ್ಷದವರೆಗೆ ಬೆಳೆಯುತ್ತಲೇ ಇರುತ್ತದೆ. ದುಡುಕನ್ನು ತಡೆಯುವ ಅದರ ಮುಂಭಾಗ ಪಕ್ವವಾಗುವುದು ಕೊನೆಯಲ್ಲಿ. ಆದ್ದರಿಂದ ಈ ವಯಸ್ಸಿನಲ್ಲಿ ಚಟ ಬೇಗ ಅಂಟುತ್ತದೆ. ಇನ್ನೊಂದು ವಿಷಯ: ಮೊದಲೇ ಆತಂಕ, ಖಿನ್ನತೆ ಇರುವ ಮಕ್ಕಳು ಇದರತ್ತ ಹೆಚ್ಚು ವಾಲುತ್ತಾರೆ. ಹಾಗಾಗಿ ಜೇಬಿನಲ್ಲಿ ಸಿಗರೇಟು ಸಿಕ್ಕಿದರೆ ಅದರ ಹಿಂದೆ ಬೇರೆ ಸಂಕಟ ಇದೆಯೇ ಎಂದು ವಿಚಾರಿಸಬೇಕು. ಕಪಾಳಕ್ಕೆ ಹೊಡೆದರೆ ಆ ಮಾತು ಹೊರಗೆ ಬರುವುದೇ ಇಲ್ಲ.

ವೇಪ್ ಎಂಬ ಇ-ಸಿಗರೇಟನ್ನು ಗುರುತಿಸುವುದು ಇನ್ನೂ ಕಷ್ಟ. ತಂಬಾಕು ಹೊಸ್ತಿಲು ದಾಟದ ನಮ್ಮ ಮನೆಗಳಲ್ಲಂತೂ ಯಾರಿಗೂ ಅನುಮಾನ ಬರುವುದಿಲ್ಲ. ನೋಡಲು ಪೆನ್ ಡ್ರೈವ್ ಅಥವಾ ದಪ್ಪ ಪೆನ್ನಿನಂತೆ ಇರುತ್ತದೆ. ವಾಸನೆ ಮಾವಿನದೋ ಪುದೀನದ್ದೋ. ಬ್ಯಾಟರಿಯಿಂದ ದ್ರವ ಕಾಯಿಸಿ ಆವಿ ಮಾಡುತ್ತದೆ. “ಇದರಲ್ಲಿ ತಂಬಾಕೇ ಇಲ್ಲ” ಎಂದು ಮಕ್ಕಳು ವಾದಿಸುತ್ತಾರೆ. ಎಲೆ ಇಲ್ಲದಿರಬಹುದು, ನಿಕೋಟಿನ್ ಬಹುತೇಕ ಇದ್ದೇ ಇರುತ್ತದೆ. ಸಿಗರೇಟಾದರೆ ಒಂದು ಹಂತಕ್ಕೆ ಉರಿದು ಮುಗಿಯುತ್ತದೆ. ಇದನ್ನು ಓದುತ್ತಾ, ಮೊಬೈಲ್ ನೋಡುತ್ತಾ ದಿನವಿಡೀ ಎಳೆಯಬಹುದು.

2019ರ ಕೇಂದ್ರ ಕಾಯ್ದೆಯಂತೆ ದೇಶದಲ್ಲಿ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ನಿಷಿದ್ಧ. ಮೊದಲ ಅಪರಾಧಕ್ಕೆ 1 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಗಾಗಿ ಇಲ್ಲಿ ಸಿಗುವುದೆಲ್ಲ ಕಳ್ಳಮಾಲು. ಬಿಲ್ ಇಲ್ಲ, ಒಳಗೇನಿದೆ ಎಂದು ಹೇಳುವವರಿಲ್ಲ. ಇನ್ನು ಕರ್ನಾಟಕದಲ್ಲಿ ಈಗ 21 ವರ್ಷದೊಳಗಿನವರಿಗೆ ಸಿಗರೇಟು ಮಾರುವಂತಿಲ್ಲ.

ಬಿಟ್ಟಾಗ ಮೊದಲ ಮೂರು ದಿನ ಬಹಳ ಕಷ್ಟ. ಸಿಟ್ಟು, ನಿದ್ರೆಗೇಡು, ತಲೆನೋವು ಬರಬಹುದು. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಆ ದಿನಗಳಲ್ಲಿ ಮಗ ಎದುರು ಮಾತಾಡಿದರೆ ತಾಯಿ-ತಂದೆ ಸ್ವಲ್ಪ ತಾಳಿಕೊಳ್ಳಬೇಕು. ಬಿಟ್ಟು ಕೆಲವು ವಾರ ಕಳೆದವರಲ್ಲಿ ಆತಂಕ, ಖಿನ್ನತೆ ಮೊದಲಿಗಿಂತ ಕಡಿಮೆಯಾಗುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಇದನ್ನು ಮಕ್ಕಳಿಗೆ ಹೇಳಿ. ಕ್ಯಾನ್ಸರ್ ಭಯಕ್ಕಿಂತ ಇದು ಅವರಿಗೆ ಹತ್ತಿರದ ಮಾತು.

ತಂಬಾಕು ಬಿಡಲು ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356. ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಬೇಸರ ಎರಡು ವಾರಕ್ಕಿಂತ ಹೆಚ್ಚು ಉಳಿದರೆ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಬದುಕುವುದೇ ಬೇಡ ಎಂಬ ಮಾತು ಬಂದರೆ, ನೆಂಟರಿಗೆ ಗೊತ್ತಾದೀತು ಎಂದು ಮುಚ್ಚಿಡದೆ ಅಂದೇ ಹೊರಡಿ.