ಹರಿಹರದ ಕಲ್ಲಿನ ಕಡತಗಳು

ಇಟಲಿಯ ಸಿಯೆನಾ ನಗರದಲ್ಲಿ 1297ರಲ್ಲಿ ಕಟ್ಟತೊಡಗಿದ ಪುರಸೌಧವೊಂದು ಇಂದಿಗೂ ನಿಂತಿದೆ. ಆ ನಗರವನ್ನು ಆಗ ಒಂಬತ್ತು ಮಂದಿಯ ಮಂಡಲಿಯೊಂದು ಆಳುತ್ತಿತ್ತು. ಅವರು ಕೂಡುತ್ತಿದ್ದ ಸಭಾಂಗಣದ ಗೋಡೆಗಳ ಮೇಲೆ ಅಂಬ್ರೋಜಿಯೊ ಲೊರೆನ್ಜೆಟ್ಟಿ ಎಂಬ ಚಿತ್ರಕಾರನು 1338–39ರಲ್ಲಿ ಸುರಾಜ್ಯದ ಫಲವನ್ನೂ ದುರಾಜ್ಯದ ಫಲವನ್ನೂ ಎದುರುಬದುರಾಗಿ ಬಿಡಿಸಿದನು: ಒಂದೆಡೆ ಉಳುವ ಹೊಲ, ಕುಣಿವ ಜನ; ಇನ್ನೊಂದೆಡೆ ಹಾಳುಬಿದ್ದ ನಾಡು. ಇಂಥ ಆಡಳಿತ ಮಂದಿರ ನಮ್ಮಲ್ಲೇಕೆ ಉಳಿದಿಲ್ಲವೆಂದು ವಿದ್ಯಾರ್ಥಿಗಳು ಕೇಳುವುದುಂಟು.

ನಮ್ಮ ಅರಸರು ದೇವರಿಗೆ ಕಲ್ಲಿನ ಮನೆ ಕಟ್ಟಿಸಿ, ತಾವು ಬಹುಮಟ್ಟಿಗೆ ಮರದ ಮನೆಯಲ್ಲಿ ಬಾಳಿದರು. ಹಂಪೆಯ ಅರಮನೆಯ ಆವರಣದಲ್ಲಿ ಇಂದು ಕಾಣುವುದು ಕಲ್ಲಿನ ಜಗತಿಗಳು ಮಾತ್ರ. ಆದರೆ ಆಡಳಿತದ ಬರಹ ಅಳಿಯಲಿಲ್ಲ; ಅದು ದೇಗುಲವನ್ನು ಸೇರಿಕೊಂಡಿತು. ‘ಶಾಸನ’ವೆಂದರೆ ಆಜ್ಞೆಯಷ್ಟೆ. ಇಂದಿನ ಶಾಸಕರೂ ಶಾಸನಸಭೆಯೂ ಆ ಮಾತಿನ ಬಳಗವೇ.

ದಾವಣಗೆರೆಗೆ ನೆರೆಯ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ, ಹರಿಹರೇಶ್ವರನ ಗುಡಿಯಿದೆ. ಬಲಕ್ಕೆ ಶಿವ, ಎಡಕ್ಕೆ ವಿಷ್ಣು, ವಿಗ್ರಹ ಒಂದೇ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಇದನ್ನು ಕಟ್ಟಿಸಿದನು; 1268ರಲ್ಲಿ ಸೋಮ ದಂಡನಾಯಕನು ಬೆಳೆಸಿದನು. ಯಾತ್ರಿಕರು ಕಂಬಗಳ ನುಣುಪನ್ನು ಕೊಂಡಾಡಿ ಹೊರಡುತ್ತಾರೆ. ಅರವತ್ತಕ್ಕೂ ಮಿಕ್ಕ ಶಾಸನಗಳ ಮುಂದೆ ನಿಲ್ಲುವವರು ವಿರಳ.

ನನ್ನ ಮನಸ್ಸನ್ನು ಹಿಡಿದಿರುವುದು ಪೋಲಾಳ್ವನ ಕೀರ್ತಿಯಲ್ಲ, ಹರಿದ್ರಾ ನದಿಯ ಒಂದು ಅಣೆಯ ಕಥೆ. 1410ರ ಶಾಸನದಂತೆ, ವಿಜಯನಗರದ ದೇವರಾಯನ ಕಾಲದಲ್ಲಿ ಈ ನದಿಗೆ ಅಣೆ ಕಟ್ಟಿ ಕಾಲುವೆ ತೆಗೆಯಲಾಯಿತು. ವೆಚ್ಚ ಬ್ರಾಹ್ಮಣರದು, ಕಾಲುವೆ ಹಾಯುವ ನೆಲ ದೇವರದು. ಆದುದರಿಂದ ನೀರುಂಡು ಗದ್ದೆಯಾಗುವ ನೆಲದಲ್ಲಿ ಎರಡು ಪಾಲು ದೇವರಿಗೆ, ಒಂದು ಪಾಲು ಹಣವಿತ್ತವರಿಗೆ ಎಂದು ಒಪ್ಪಂದವಾಯಿತು. ಎಷ್ಟು ಲೌಕಿಕವಾದ ಮಾತು! ಸಿಯೆನಾದ ಚಿತ್ರಕಾರ ಸುರಾಜ್ಯವನ್ನು ಬಣ್ಣದಲ್ಲಿ ಕಲ್ಪಿಸಿದನು. ಇಲ್ಲಿ ಲೆಕ್ಕವನ್ನೇ ಕಡೆದಿಟ್ಟರು, ಅದೂ ಗುಡಿಗೆ ಬಂದವರೆಲ್ಲ ಕಾಣುವ ಎಡೆಯಲ್ಲಿ. ಅಣೆ ಬಾಳಲಿಲ್ಲ. ಅದು ಒಡೆದುದನ್ನೂ ಸೇನಾನಿಯೊಬ್ಬನ ನೆರವಿನಿಂದ ಮತ್ತೆ ಕಟ್ಟಿದುದನ್ನೂ 1424ರ ಕಲ್ಲು ಮರೆಮಾಚದೆ ಹೇಳುತ್ತದೆ.

ಬಿ. ಎಲ್. ರೈಸ್ ಅವರು 1903ರಲ್ಲಿ, ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕಾಗಿದ್ದಾಗ, ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೆಯ ಸಂಪುಟದಲ್ಲಿ ಈ ಶಾಸನಗಳನ್ನು ಅಚ್ಚು ಹಾಕಿಸಿದರು. ಪಾಠ ಸುಲಭವಾಗಿ ಸಿಕ್ಕುತ್ತದೆ, ಓದುವವರೇ ದುರ್ಲಭ. ನಾವು ಅಧ್ಯಾಪಕರು ಹಳಗನ್ನಡವೆಂದರೆ ಕಾವ್ಯವೆಂದೇ ಕಲಿಸುತ್ತ ಬಂದಿದ್ದೇವೆ. ಪಂಪ ರನ್ನರನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಸಾಮಂತರ ಕಲಹ, ಸುಂಕ, ಕೆರೆ, ಗಡಿ, ದತ್ತಿಗಳ ಭಾಷೆ ತರಗತಿಗೆ ಕಾಲಿಡುವುದೇ ಅಪರೂಪ. ಈಗಲೂ ಕಲ್ಲಿನ ಅಕ್ಷರಗಳನ್ನು ತಡವರಿಸದೆ ಓದಬಲ್ಲ ತರುಣರು ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ?

ಭದ್ರಾ ನಾಲೆಯ ಕೊನೆಯ ಹಳ್ಳಿಗಳಿಂದ ಬರುವ ಹುಡುಗರಿಗೆ, ನೀರು ಮೇಲಿನವರ ಗದ್ದೆಯಲ್ಲೇ ನಿಂತು ತಮ್ಮೂರಿಗೆ ತಲಪದ ಸಂಕಟ ಹುಟ್ಟಿನಿಂದ ಗೊತ್ತು. ಈ ಒಪ್ಪಂದದ ಸಾರವನ್ನು ಅವರಿಗೆ ಹೇಳಿದ ದಿನ ಹಿಂದಿನ ಬೆಂಚಿನವನೊಬ್ಬ ಎದ್ದುನಿಂತ. ಅಣೆ ಒಡೆದ ಮೇಲೆ, ಮತ್ತೆ ಕಟ್ಟುವವರೆಗೆ, ಪಾಲಿನ ನೆಲ ಯಾರ ಕೈಯಲ್ಲಿತ್ತು ಸಾರ್ ಎಂದು ಕೇಳಿದ. ಎರಡು ಕಲ್ಲುಗಳ ಪಾಠವನ್ನೂ ಬರೆದುಕೊಂಡು ಬಾ ಎಂದು ಅವನನ್ನೇ ಗ್ರಂಥಾಲಯಕ್ಕೆ ಕಳುಹಿಸಿದೆ.